ಲಾಕರಿಗೆ ಎರಡು ಬೀಗದ ಕೈ

ಮಕ್ಕಳೇ, ಬ್ಯಾಂಕಿನ ಲಾಕರ್ ತೆರೆಯಲು ಎರಡು ಬೀಗದ ಕೈ ಬೇಕು. ಒಂದು ಲಾಕರ್ ಹಿಡಿದವರದು, ಇನ್ನೊಂದು ಬ್ಯಾಂಕಿನದು. ನಮ್ಮ ಮೈಯೊಳಗೂ ಹೆಚ್ಚುಕಡಿಮೆ ಇದೇ ಪದ್ಧತಿ ಇದೆ ಎಂದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ.

ರೋಗಾಣುಗಳನ್ನು ಹಿಡಿಯುವ ಪ್ರತಿಕಾಯಗಳನ್ನು ತಯಾರಿಸುವುದು ಬಿ ಕೋಶಗಳು. ಒಂದೊಂದು ಬಿ ಕೋಶಕ್ಕೂ ಒಂದೊಂದು ಆಕಾರದ ಗುರುತು ಮಾತ್ರ ಗೊತ್ತು. ಆ ಆಕಾರ ಎದುರಾದರೆ ಮೊದಲ ಕೈ ತಿರುಗಿತು. ಆದರೆ ಬಂದದ್ದು ಶತ್ರುವೋ, ನಮ್ಮದೇ ಮೈಯ ತುಣುಕೋ? ಅದನ್ನು ಹೇಳಲು ಹುಟ್ಟಿನಿಂದಲೇ ಬಂದ ಬೇರೆ ಗ್ರಾಹಕಗಳಿವೆ. (ಆ ಪದ ಕೇಳಿದರೆ ನನಗೆ ಕೌಂಟರಿನ ಮುಂದಿನ ಸಾಲೇ ಕಣ್ಣಿಗೆ ಕಟ್ಟುತ್ತದೆ!) ಟೋಲ್ ಗ್ರಾಹಕಗಳು ಅಂಥವು. ಬಿ ಕೋಶದಲ್ಲೂ ಇವೆ, ಅಕ್ಕಪಕ್ಕದ ಕಾವಲು ಕೋಶಗಳಲ್ಲೂ ಇವೆ. ಬ್ಯಾಕ್ಟೀರಿಯಾದ ಹೊರಪೊರೆಯೋ ವೈರಸ್ಸಿನ ಆರ್‌ಎನ್‌ಎಯೋ ಸಿಕ್ಕಿದರೆ 'ಅಪಾಯ' ಎಂದು ಕೂಗುತ್ತವೆ. ಎರಡನೇ ಕೈ ತಿರುಗಿತು. ಟಿ ಕೋಶಗಳೂ ಸಹಾಯಕ್ಕೆ ಬಂದರೆ ಪ್ರತಿಕಾಯಗಳ ಸುಗ್ಗಿ.

ಇದೆಲ್ಲ ತಿಳಿಯುವ ಮೊದಲೇ, 1920ರ ದಶಕದಲ್ಲಿ, ಫ್ರಾನ್ಸಿನ ಪಶುವೈದ್ಯ ಗಾಸ್ತೋಂ ರಮೋಂ ಒಂದು ವಿಚಿತ್ರ ಕಂಡರು. ಚುಚ್ಚುಮದ್ದು ಕೊಟ್ಟ ಜಾಗ ಊದಿ ಕೀವಾದ ಕುದುರೆಗಳಲ್ಲೇ ಡಿಫ್ತೀರಿಯಾದ ಪ್ರತಿವಿಷ ಹೆಚ್ಚು! ಸರಿ, ಬೇಕೆಂದೇ ಮದ್ದಿಗೆ ಮರಗೆಣಸಿನ ಹಿಟ್ಟು, ಬ್ರೆಡ್ಡಿನ ಪುಡಿ ಬೆರೆಸಿದರು. ಫಲಿಸಿತು. ಅಡುಗೆಮನೆಯ ವಿಜ್ಞಾನ ಎಂದು ನಗಬೇಡಿ. ಅಪಾಯವನ್ನು ಗುರುತಿಸುವ ಗ್ರಾಹಕಗಳು ಇರಲೇಬೇಕೆಂದು ಅಮೆರಿಕದ ಚಾರ್ಲ್ಸ್ ಜೇನ್‌ವೇ ವಾದಿಸಿದ್ದು 1989ರಲ್ಲಿ, ಅಂದರೆ ಆರು ದಶಕ ಕಳೆದ ಮೇಲೆ. ನಮ್ಮ ಕೊವ್ಯಾಕ್ಸಿನ್‌ನಲ್ಲಂತೂ ಸತ್ತ ವೈರಸ್ಸಿನ ಜೊತೆಗೆ ಟೋಲ್ 7 ಮತ್ತು 8ನ್ನು ಎಚ್ಚರಿಸುವ ಪದಾರ್ಥವನ್ನೇ ಸೇರಿಸಿದ್ದಾರೆ.

ಎರಡನೇ ಬೀಗ ಸಡಿಲವಾದರೆ? ಲೂಪಸ್ ಎಂಬ ಕಾಯಿಲೆಯಲ್ಲಿ ಬಿ ಕೋಶಗಳು ಸ್ವಂತ ಮೈಯ ವಿರುದ್ಧವೇ ಪ್ರತಿಕಾಯ ಮಾಡುತ್ತವೆ. ಚಿಕ್ಕಂದಿನಲ್ಲೇ ಲೂಪಸ್ ಬಂದ ಒಬ್ಬ ಹುಡುಗಿಯ ಟೋಲ್ 7 ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತೆಂದು 2022ರಲ್ಲಿ ವರದಿಯಾಯಿತು. ಅದೇ ಬದಲಾವಣೆಯನ್ನು ಇಲಿಗಳಲ್ಲಿ ಮಾಡಿದಾಗ ಅವಕ್ಕೂ ಲೂಪಸ್ ಬಂತು. ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೆ ರಾತ್ರಿಯಿಡೀ ಹುಡುಕುತ್ತಿದ್ದ ನಮಗೆ ಇದು ಅರ್ಥವಾಗುತ್ತದೆ.

ನಿಮ್ಮ ತರಗತಿಯಲ್ಲಿ ಯಾರಿಗಾದರೂ ಲೂಪಸ್ಸಿನಿಂದ ಕೆನ್ನೆ ಕೆಂಪಾಗಿದ್ದರೆ ದೂರ ಸರಿಯಬೇಡಿ, ಅದು ಅಂಟುವ ರೋಗವಲ್ಲ. ಅವರಿಗೆ ಡಾಕ್ಟರು ಕೊಡುವ ಹೈಡ್ರಾಕ್ಸಿಕ್ಲೋರೊಕ್ವಿನ್ ಗುಳಿಗೆ ಮಲೇರಿಯಾಕ್ಕೂ ಬಳಸುವಂಥದು. ಟೋಲ್ 7ರ ಕೂಗಾಟವನ್ನು ತಗ್ಗಿಸುವುದೂ ಅದರ ಕೆಲಸಗಳಲ್ಲೊಂದು.