ಆದೇಶ ಸಾಲಿನಲ್ಲಿ ಕನ್ನಡದ ಅಕ್ಷರ

ಪಠ್ಯಗಳ ಗಣಕೀಕರಣ, ಪದಾವೃತ್ತಿಯ ಗಣನೆ, ನಿಘಂಟು ರಚನೆ ಮೊದಲಾದ ಕಾರ್ಯಗಳಲ್ಲಿ ತೊಡಗಿದ ಸಂಶೋಧಕರಿಗೆ ಲಿನಕ್ಸ್‌ನ ಆದೇಶ ಸಾಲು ಉಪಯುಕ್ತ ಸಾಧನ. ಸಾವಿರಾರು ಪುಟಗಳಲ್ಲಿ ಒಂದು ಪದವನ್ನು ಹುಡುಕಲು ಅಲ್ಲಿ ಒಂದೇ ಆದೇಶ ಸಾಕು. ಆದರೆ ಆ ಸಾಲಿನಲ್ಲಿ ಕನ್ನಡ ಪದವನ್ನು ತಿದ್ದಲು ಹೊರಟಾಗ ಕರ್ಸರ್ ಒಂದೆಡೆ, ಅಳಿಯುವ ಅಕ್ಷರ ಇನ್ನೊಂದೆಡೆ ಇರುವುದುಂಟು. ಇದನ್ನು ಕೇವಲ ತಾಂತ್ರಿಕ ದೋಷವೆಂದು ಕೈಬಿಡುವುದು ಸರಿಯಲ್ಲ. ಅಕ್ಷರವೆಂದರೇನು ಎಂಬ, ಕನ್ನಡ ವ್ಯಾಕರಣಕ್ಕೆ ಸೇರಿದ ಪ್ರಶ್ನೆಯೇ ಇದರ ಮೂಲದಲ್ಲಿದೆ.

ಬ್ಯಾಶ್ ಶೆಲ್‌ನಲ್ಲಿ ಸಾಲನ್ನು ತಿದ್ದುವ ವ್ಯವಸ್ಥೆಗೆ ರೀಡ್‌ಲೈನ್ ಎಂದು ಹೆಸರು. ಟರ್ಮಿನಲ್‌ನ ತೆರೆಯನ್ನು ಸಮಾನ ಅಗಲದ ಮನೆಗಳಾಗಿ ಭಾವಿಸಿ, ಪ್ರಾಂಪ್ಟಿಗೆಷ್ಟು ಮನೆ, ಮುಂದಿನ ಪ್ರತಿಯೊಂದು ಸಂಕೇತಕ್ಕೆಷ್ಟು ಮನೆ ಎಂದು ಎಣಿಸಿ ಅದು ಕರ್ಸರಿನ ಸ್ಥಾನವನ್ನು ನಿರ್ಧರಿಸುತ್ತದೆ. ಈ ಎಣಿಕೆ ತಪ್ಪಲು ಮುಖ್ಯವಾಗಿ ಮೂರು ಕಾರಣಗಳಿವೆ. ಪ್ರಾಂಪ್ಟಿಗೆ ಬಣ್ಣ ಕೊಡುವ, ತೆರೆಯ ಮೇಲೆ ಕಾಣದ ಸಂಕೇತಗಳನ್ನು \[ ಮತ್ತು \] ಗುರುತುಗಳ ನಡುವೆ ಇರಿಸದಿರುವುದು ಮೊದಲನೆಯದು. ಆಗ ಉದ್ದವಾದ ಆದೇಶವು ಮುಂದಿನ ಸಾಲಿಗೆ ಸರಿಯಾಗಿ ಹೊರಳದೆ ಮೊದಲ ಸಾಲಿನ ಮೇಲೆಯೇ ಬೀಳಬಹುದು. ಎರಡನೆಯದು, ಲೊಕೇಲ್ ಯುಟಿಎಫ್-8 ಆಗಿರದಿರುವುದು. ಆಗ ಒಂದೊಂದು ಕನ್ನಡ ಸಂಕೇತವೂ ಮೂರು ಪ್ರತ್ಯೇಕ ಬೈಟುಗಳಾಗಿ ಪರಿಗಣಿತವಾಗುತ್ತದೆ. ಪ್ರಾಂಪ್ಟನ್ನು ತಾತ್ಕಾಲಿಕವಾಗಿ ಬರಿಯ ಡಾಲರ್ ಚಿಹ್ನೆಗೆ ಇಳಿಸಿ, ಲೊಕೇಲನ್ನು ಪರಿಶೀಲಿಸಿದರೆ ಈ ಎರಡು ದೋಷಗಳನ್ನು ಬಳಕೆದಾರರೇ ಗುರುತಿಸಿ ಸರಿಪಡಿಸಿಕೊಳ್ಳಬಹುದು.

ಮೂರನೆಯ ಕಾರಣ ಲಿಪಿಗೆ ಸಂಬಂಧಿಸಿದ್ದು. ಛಂದಸ್ಸಿನ ಗಣನೆಯಲ್ಲಿ ‘ಕ್ಷ’ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು ಕಕಾರ, ವಿರಾಮಚಿಹ್ನೆ, ಷಕಾರ ಎಂಬ ಮೂರು ಸಂಕೇತಗಳ ಸರಣಿ. ಸಂಕೇತಗಳನ್ನು ಬಿಡಿಬಿಡಿಯಾಗಿ ಅಳೆಯುವ ತಂತ್ರಾಂಶ ಅದಕ್ಕೆ ಎರಡು ಮನೆಗಳನ್ನು ಕೊಡುತ್ತದೆ. ತೆರೆಯ ಮೇಲೆ ಅದು ಒಂದೇ ಕೂಡಕ್ಷರವಾಗಿ ಮೂಡುತ್ತದೆ. ಗುಡಿಸು ಸ್ಥಳ ಬೇಡದ ಚಿಹ್ನೆಗಳ ವರ್ಗಕ್ಕೂ ಇಳಿಯು ಸ್ಥಳ ಬೇಡುವ ಚಿಹ್ನೆಗಳ ವರ್ಗಕ್ಕೂ ಸೇರಿರುವುದು ಈ ತೊಡಕನ್ನು ಹೆಚ್ಚಿಸಿದೆ. ಶೆಲ್ ಮತ್ತು ಟರ್ಮಿನಲ್ ಒಂದೇ ಬಗೆಯಲ್ಲಿ ಎಣಿಸದಿದ್ದರೆ ಕರ್ಸರ್ ದಾರಿ ತಪ್ಪುವುದು ಸಹಜ.

2023ರಲ್ಲಿ ಬಂದ ಯೂನಿಕೋಡ್ 15.1ನೆಯ ಆವೃತ್ತಿಯು ಸಂಯುಕ್ತಾಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಗಣಿಸುವ ನಿಯಮವನ್ನು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಸೇರಿಸಿತು. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಕನ್ನಡಕ್ಕೂ ಅದೇ ನಿಯಮ ಬೇಕೆಂದು ಕೂಡಲೇ ಒತ್ತಾಯಿಸುವುದಕ್ಕಿಂತ ವಿವೇಚನೆ ಅಗತ್ಯ. ಒತ್ತಕ್ಷರವನ್ನಷ್ಟೇ ತಪ್ಪಾಗಿ ಬೆರಳಚ್ಚಿಸಿದವರಿಗೆ ಇಡೀ ಅಕ್ಷರ ಅಳಿಸಿಹೋಗುವುದು ಅನನುಕೂಲ. ಕರ್ಸರ್ ಅಕ್ಷರದಿಂದ ಅಕ್ಷರಕ್ಕೆ ಚಲಿಸಬೇಕು, ಅಳಿಸುವಿಕೆ ಮಾತ್ರ ಸಂಕೇತದಿಂದ ಸಂಕೇತಕ್ಕೆ ನಡೆಯಬೇಕು ಎಂಬುದು ಕನ್ನಡದ ಬರವಣಿಗೆಗೆ ಹೆಚ್ಚು ಒಪ್ಪುವ ಕ್ರಮ.

ಇಂಥ ನಿರ್ಣಯಗಳನ್ನು ತಂತ್ರಜ್ಞರಿಗೇ ಬಿಟ್ಟುಕೊಡುವುದು ಯುಕ್ತವಲ್ಲ. ದ್ವಿತ್ವ, ವಿಜಾತೀಯ ಸಂಯುಕ್ತ, ಅರ್ಕಾವತ್ತು, ಹಳಗನ್ನಡದ ಱ ಮತ್ತು ೞ ಇವುಗಳನ್ನೊಳಗೊಂಡ ಪರೀಕ್ಷಾ ಪದಪಟ್ಟಿಯನ್ನು ಕನ್ನಡ ವಿಭಾಗಗಳು ಸಿದ್ಧಪಡಿಸಿ, ಪ್ರತಿಯೊಂದರ ಅಕ್ಷರಸಂಖ್ಯೆಯನ್ನು ನಮೂದಿಸಿ ಕೊಡಬೇಕು. ಅಕ್ಷರಗಣವನ್ನು ಬೋಧಿಸುವವರಿಗೆ ಇದು ಹೊಸ ವಿದ್ಯೆಯೇನಲ್ಲ.