ಸವಾರನ ಬೆನ್ನು ಮತ್ತು ನಗರದ ರಸ್ತೆ

ಸೈಕಲ್ಲಿನ ಮಾತು ಬಂದಾಗಲೆಲ್ಲ ಹೊಗೆಯಿಲ್ಲದ ವಾಹನ, ಪೆಟ್ರೋಲು ಬೇಡದ ವಾಹನ, ದೇಹಕ್ಕೆ ವ್ಯಾಯಾಮ ಕೊಡುವ ವಾಹನ ಎಂಬ ಹೊಗಳಿಕೆಗಳು ಸಲೀಸಾಗಿ ಕೇಳಿಬರುತ್ತವೆ. ಅದನ್ನು ನಿತ್ಯ ತುಳಿಯುವವರ ಬೆನ್ನು, ಮಣಿಕಟ್ಟು, ಮಂಡಿಗಳ ಸ್ಥಿತಿಯನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಸವಾರಿಯ ಸುಖವೆಂಬುದು ಕಾರು ಮಾರುವವರ ಜಾಹೀರಾತಿಗೆ ಮೀಸಲಾದ ಪದವಾಗಿದೆ. ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವದ ಬಡಾವಣೆಗಳಲ್ಲಿ ಸೈಕಲ್ಲು ಮೂಲೆಗೆ ಸರಿದುದನ್ನು ಅರಿಯಬೇಕಾದರೆ ಈ ಸುಖದ ಪ್ರಶ್ನೆಯಿಂದಲೇ ಆರಂಭಿಸಬೇಕು.

1940ರಲ್ಲಿ ಸ್ಥಾಪನೆಯಾದ ಎಚ್‌ಎಎಲ್, 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿನಗರದಲ್ಲಿ ಆರಂಭವಾದ ಐಟಿಐ, ಅನಂತರ ಬೈಯಪ್ಪನಹಳ್ಳಿಯಲ್ಲಿ ಬಂದ ಎನ್‌ಜಿಇಎಫ್ — ಈ ಕಾರ್ಖಾನೆಗಳ ಕಾರ್ಮಿಕರು ಒಂದು ಕಾಲಕ್ಕೆ ಪಾಳಿಯ ಹೊತ್ತಿಗೆ ಸೈಕಲ್ಲಿನಲ್ಲೇ ಬಂದು ಹೋಗುತ್ತಿದ್ದರು. ಹೆಚ್ಚಿನ ಏರಿಳಿತವಿಲ್ಲದ ಹಲಸೂರು, ಇಂದಿರಾನಗರದ ನೆಲಕ್ಕೆ ನೆಟ್ಟಗೆ ಕೂತು ತುಳಿಯುವ ದೊಡ್ಡ ಸೈಕಲ್ಲು ಒಪ್ಪುವಂಥದಾಗಿತ್ತು.

ಆ ಸೈಕಲ್ಲಿನ ರಚನೆಯಲ್ಲಿ ಸರಳವಾದ ವಿವೇಕವಿದೆ. 28 ಅಂಗುಲದ ಎತ್ತರದ ಚಕ್ರ ಸಣ್ಣ ಗುಂಡಿಗೆ ಇಳಿಯದೆ ದಾಟುತ್ತದೆ. ಎರಡು ಚಕ್ರಗಳ ನಡುವಿನ ಅಂತರ ಹೆಚ್ಚು. ಮುಂದಿನ ಫೋರ್ಕು ಮುಂದಕ್ಕೆ ಬಾಗಿ, ಏಟನ್ನು ತುಸು ಮಣಿದು ತಾಳಿಕೊಳ್ಳುತ್ತದೆ. ಸವಾರ ನೆಟ್ಟಗೆ ಕೂರುವುದರಿಂದ ಕೈಗಳ ಮೇಲೆ ಭಾರ ಬೀಳದು, ತಲೆ ಎತ್ತಿ ಸುತ್ತಲೂ ನೋಡಬಹುದು. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಲಿನ ದಟ್ಟಣೆಯಲ್ಲಿ ವೇಗಕ್ಕಿಂತ ಈ ನೋಟವೇ ಮುಖ್ಯ. ಆದರೆ ಇದಕ್ಕೊಂದು ಬೆಲೆಯೂ ಉಂಟು. ಮೈಯ ಭಾರವೆಲ್ಲ ಸೀಟಿನ ಮೇಲೆ ಬಿದ್ದು, ರಸ್ತೆಯ ಪ್ರತಿಯೊಂದು ಏಟೂ ನೇರವಾಗಿ ಬೆನ್ನೆಲುಬನ್ನು ಏರುತ್ತದೆ. ಅದಕ್ಕೆಂದೇ ಹಳೆಯ ಸೀಟುಗಳ ಕೆಳಗೆ ದಪ್ಪ ಸ್ಪ್ರಿಂಗುಗಳಿದ್ದವು. ಎದುರುಗಾಳಿಯಲ್ಲಿ ಶ್ರಮವೂ ಹೆಚ್ಚು.

ಇಂದು ಷಾಕ್ ಅಬ್ಸಾರ್ಬರ್ ಇರುವ ಸೈಕಲ್ಲುಗಳಿರುವಾಗ ಹಳೆಯದರ ಹಂಬಲವೇಕೆ ಎಂದು ಕೇಳುವವರಿದ್ದಾರೆ. ಅಗ್ಗದ ಷಾಕ್ ಅಬ್ಸಾರ್ಬರ್ ತೂಕವನ್ನು ಹೆಚ್ಚಿಸುತ್ತದೆ. ಎದ್ದು ತುಳಿದಾಗ ಕಾಲಿನ ಬಲದ ಒಂದು ಪಾಲನ್ನು ತಾನೇ ನುಂಗುತ್ತದೆ. ಕೆಟ್ಟರೆ ರಸ್ತೆಬದಿಯ ಪಂಕ್ಚರ್ ಅಂಗಡಿಯಲ್ಲಿ ರಿಪೇರಿಯಾಗದು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಬೆಲ್‌ಫಾಸ್ಟ್‌ನಲ್ಲಿ ರೂಪಿಸಿದ ಗಾಳಿ ತುಂಬಿದ ಟೈರು ಇಂದಿಗೂ ಅತಿ ಅಗ್ಗದ ಸುಖಸಾಧನ. ಅಗಲವಾದ ಟೈರು, ಹದವಾದ ಗಾಳಿ, ಕಾಲಿನ ಅಳತೆಗೆ ಹೊಂದಿಸಿದ ಸೀಟು ಇಷ್ಟಿದ್ದರೆ ಅರ್ಧ ನೋವು ನೀಗುತ್ತದೆ.

ಉಳಿದರ್ಧ ನೋವು ರಸ್ತೆಯದು. ಅಗೆದು ಸರಿಯಾಗಿ ಮುಚ್ಚದ ಕಾಲುವೆ, ಎದ್ದು ನಿಂತ ಚರಂಡಿಯ ಕಲ್ಲು, ಅಳತೆಯಿಲ್ಲದ ಉಬ್ಬು ಇವು ಕಾರಿನೊಳಗಿನವರಿಗೆ ಕ್ಷಣದ ಕುಲುಕಾಟ, ಸೈಕಲ್ ಸವಾರರಿಗೆ ನಿತ್ಯದ ಪೆಟ್ಟು. ಗುಂಡಿ ತಪ್ಪಿಸಲು ಬಲಕ್ಕೆ ಸರಿದರೆ ಬಸ್ಸಿನ ಚಕ್ರದ ಭಯ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ತಾತ್ಕಾಲಿಕ ಸೈಕಲ್ ಪಥವನ್ನು ಮಾಡಲಾಯಿತು. ಮೆಟ್ರೊ ಕಾಮಗಾರಿ ಬಂದ ಮೇಲೆ ಅದು ಉಳಿಯಲಿಲ್ಲ. 2023ರಲ್ಲಿ ಮೆಟ್ರೊ ಕೃಷ್ಣರಾಜಪುರವನ್ನು ಹಾದು ವೈಟ್‌ಫೀಲ್ಡ್ ತಲುಪಿತು. ಮನೆಯಿಂದ ನಿಲ್ದಾಣದವರೆಗಿನ ಒಂದೆರಡು ಕಿಲೋಮೀಟರಿಗೆ ನೆಟ್ಟಗೆ ಕೂರುವ ಸೈಕಲ್ಲಿಗಿಂತ ಉಚಿತವಾದ ವಾಹನ ಇನ್ನೊಂದಿಲ್ಲ. ಆದರೆ ಆ ಒಂದೆರಡು ಕಿಲೋಮೀಟರನ್ನು ಸಮತಟ್ಟಾಗಿಡುವುದು ಮೇಲುಸೇತುವೆ ಕಟ್ಟಿದಷ್ಟು ಕೀರ್ತಿ ತರುವ ಕೆಲಸವಲ್ಲವಾದ್ದರಿಂದ ಅದು ಹಿಂದೆ ಬೀಳುತ್ತದೆ.

ಮಲೆನಾಡಿನ ಓದುಗರಿಗೂ ಈ ವಿಚಾರ ದೂರದ್ದಲ್ಲ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚಲಾರಂಭಿಸಿತು. ಕೋವಿಡ್ ಕಾಲದಲ್ಲಿ ವಿತರಣೆ ನಿಂತಿತು. ಶಾಲೆ ದೂರವಿದ್ದ ಅನೇಕ ಹೆಣ್ಣುಮಕ್ಕಳಿಗೆ ಅದು ನೆರವಾದದ್ದು ನಿಜ. ಆದರೆ ಬಯಲಿಗೂ ಘಟ್ಟಕ್ಕೂ ಒಂದೇ ಬಗೆಯ, ಗೇರಿಲ್ಲದ ಸೈಕಲ್ಲನ್ನು ಕೊಟ್ಟದ್ದು ವಿವೇಕವಾಗಿರಲಿಲ್ಲ. ಹಲಸೂರಿನ ಸಮನೆಲದಲ್ಲಿ ಹಿತವಾದ ಭಂಗಿ ಕಡಿದಾದ ಏರಿನಲ್ಲಿ ಕಾಲಿಗೆ ಬಲ ಕೊಡದು. ತೂಕದ ಸೈಕಲ್ಲನ್ನು ತಳ್ಳಿಕೊಂಡೇ ಏರಬೇಕು. ಇಳಿಯುವಾಗ ಮಳೆಯಲ್ಲಿ ತೊಯ್ದ ಉಕ್ಕಿನ ರಿಮ್ಮಿನ ಮೇಲೆ ಬ್ರೇಕಿನ ರಬ್ಬರು ಜಾರುತ್ತದೆ.

ಸುಖವು ಸೈಕಲ್ಲಿನಲ್ಲಿ ಮಾತ್ರ ಇರುವುದಿಲ್ಲ. ಸೈಕಲ್ಲು, ನೆಲ, ರಸ್ತೆ ಮೂರೂ ಹೊಂದಿಕೊಂಡಾಗ ಹುಟ್ಟುತ್ತದೆ. ಆದುದರಿಂದ ನಗರಪಾಲಿಕೆಗಳು ರಸ್ತೆಯ ಗುಣವನ್ನು ಸೈಕಲ್ಲಿನ ಸೀಟಿನಿಂದ ಪರೀಕ್ಷಿಸುವ ಪದ್ಧತಿಯನ್ನು ತರಬೇಕು. ಮುಂದೆ ಮಕ್ಕಳಿಗೆ ಸೈಕಲ್ಲು ಕೊಡುವಾಗ ಮಲೆನಾಡಿನ ತಾಲ್ಲೂಕುಗಳಿಗೆ ಏರು ಹತ್ತಿಸುವ ಗೇರು, ಮಳೆಯಲ್ಲೂ ಹಿಡಿಯುವ ಬ್ರೇಕು ಇರುವುದನ್ನೇ ಆರಿಸಬೇಕು. ಗ್ರಾಮಸಭೆಗಳಲ್ಲಿ, ಶಾಲಾಭಿವೃದ್ಧಿ ಸಮಿತಿಗಳಲ್ಲಿ ಈ ಬೇಡಿಕೆ ಮಂಡನೆಯಾಗಲಿ. ತುಳಿಯುವವರಿಗೆ ನೋವಾಗುವ ವಾಹನವನ್ನು ಪರಿಸರದ ಹೆಸರಿನಲ್ಲಿ ಎಷ್ಟು ಹೊಗಳಿದರೂ, ಅದು ಜಗಲಿಯ ಮೂಲೆ ಸೇರುವುದು ತಪ್ಪದು.