ಕೋವಿಯ ಮರಕ್ಕೂ ಆರೈಕೆ ಬೇಕು

ಕೊಡಗಿನ ಮನೆಗಳಲ್ಲಿ ಕೋವಿಗೆ ಇರುವ ಸ್ಥಾನವೇನೆಂಬುದನ್ನು ಅಲ್ಲಿಯ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನಾನು ವಿವರಿಸಬೇಕಾಗಿಲ್ಲ. ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಸಾವಿನ ಸುದ್ದಿ ಸಾರಲು ಎರಡು ಗುಂಡು, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಮತ್ತೊಂದು. ಕೈಲ್ ಮುಹೂರ್ತದಂದು ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುವುದೂ ಉಂಟು. ಪರವಾನಗಿಯಿಂದ ಕೊಡವರಿಗೆ ಬ್ರಿಟಿಷರ ಕಾಲದಲ್ಲಿ ದೊರೆತ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ಹಕ್ಕು ಉಳಿದಿದೆ, ಆದರೆ ಅಜ್ಜಂದಿರ ಕಾಲದ ಜೋಡುನಳಿಗೆಯ ಕೋವಿ ಉಳಿಯಬೇಕಾದರೆ ವರ್ಷಕ್ಕೊಂದು ದಿನದ ಪೂಜೆ ಸಾಲದು ಎಂಬುದು ನನ್ನ ಅಭಿಪ್ರಾಯ.

ಇಂತಹ ಕೋವಿಗಳಲ್ಲಿ ಬೇಗ ಸೀಳುವ ಭಾಗವೆಂದರೆ ನಳಿಗೆಗಳ ಕೆಳಗೆ ಎಡಗೈ ಹಿಡಿಯುವ ಮರದ ತುಂಡು, ಅಂದರೆ ಫೋರೆಂಡ್. ಉತ್ತಮ ಕೋವಿಗಳಲ್ಲಿ ಇದು ಅಕ್ರೋಟು ಮರದ್ದು. ಒಳಗೆ ಕಬ್ಬಿಣದ ಭಾಗವನ್ನು ಕೂರಿಸಲು ಮರವನ್ನು ಕೊರೆದಿರುವುದರಿಂದ ಅಂಚುಗಳು ಬಹಳ ತೆಳು. ಖಾಲಿ ತೋಟೆಯನ್ನು ತಾನಾಗಿ ಹೊರಗೆಸೆಯುವ ಕೋವಿಗಳಲ್ಲಿ ಆ ಯಂತ್ರವೂ ಇಲ್ಲಿಯೇ ಅಡಗಿರುವುದರಿಂದ ಮರ ಮತ್ತಷ್ಟು ತೆಳುವಾಗಿರುತ್ತದೆ. ಇದನ್ನು ಅಲಂಕಾರವೆಂದು ಭಾವಿಸಬೇಡಿ. ಕೋವಿಯನ್ನು ಮಡಚಿದಾಗ ನಳಿಗೆಗಳು ಕೀಲಿನಿಂದ ಕಳಚಿ ಬೀಳದಂತೆ ತಡೆಯುವುದು ಇದೇ ಭಾಗ.

ಮಳೆಗಾಲದಲ್ಲಿ ಬಾಗಿಲು ಬಿಗಿಯಾಗಿ ಬೇಸಗೆಯಲ್ಲಿ ಸಡಿಲವಾಗುವುದನ್ನು ನೀವೆಲ್ಲರೂ ಕಂಡಿದ್ದೀರಿ. ಮರವು ಎಳೆಗೆ ಅಡ್ಡಲಾಗಿ ಹಿಗ್ಗಿ ಕುಗ್ಗುತ್ತದೆ. ಒಳಗಿನ ಕಬ್ಬಿಣ ಕದಲುವುದಿಲ್ಲ. ಕೊಡಗಿನ ಜಡಿಮಳೆಯಲ್ಲಿ ಉಬ್ಬಿದ ಮರವನ್ನು ಒಲೆಯ ಬಳಿಯೋ ಬಿಸಿಲಿನಲ್ಲೋ ಅವಸರದಿಂದ ಒಣಗಿಸಿದರೆ ಅದು ಎಳೆಯ ಗುಂಟ ಸೀಳದೆ ಇನ್ನೇನು ಮಾಡೀತು? ಒದ್ದೆಯಾದ ಕೋವಿಯನ್ನು ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ನಿಧಾನವಾಗಿ ಆರಲು ಬಿಡಬೇಕು.

ಎರಡನೆಯ ಶತ್ರು ನಮ್ಮ ಅತಿಯಾದ ಅಕ್ಕರೆ. ಎಣ್ಣೆ ಹೆಚ್ಚಾದಷ್ಟೂ ಒಳ್ಳೆಯದೆಂಬ ನಂಬಿಕೆ ಕಬ್ಬಿಣದ ವಿಷಯದಲ್ಲಿ ಅಷ್ಟಿಷ್ಟು ನಡೆದೀತು, ಮರದಲ್ಲಿ ನಡೆಯದು. ಯಂತ್ರದ ಎಣ್ಣೆಯನ್ನು ವರ್ಷಗಟ್ಟಲೆ ಹೀರಿದ ಮರ ಕಪ್ಪಾಗಿ ಮೆತ್ತಗಾಗುತ್ತದೆ. ಮುಂದೆ ಸೀಳಿದಾಗ ಅಂಟು ಸಹ ಹಿಡಿಯುವುದಿಲ್ಲ. ಲೋಹಕ್ಕೆ ಎಣ್ಣೆ ಸವರಿದ ಮೇಲೆ ಹೆಚ್ಚಿನದನ್ನು ಒರೆಸಿ ತೆಗೆಯಿರಿ. ಮರಕ್ಕೆ ಬೇಕಾದದ್ದು ಕುದಿಸಿದ ಅಗಸೆ ಎಣ್ಣೆಯ ಕೆಲವೇ ಹನಿ. ಅದನ್ನು ಅಂಗೈಯಿಂದ ತೆಳುವಾಗಿ ಉಜ್ಜಿ, ಪೂರ್ತಿ ಒಣಗಲು ಬಿಡಬೇಕು. ಹೊಳಪಿಲ್ಲದ ಒಳಮೈಗೂ ಒಂದು ತೆಳು ಲೇಪ ಅಗತ್ಯ. ತೇವ ಒಳಹೊಗುವುದು ಹೆಚ್ಚಾಗಿ ಅಲ್ಲಿಂದಲೇ.

ಮೂರನೆಯದು ಸಡಿಲತೆ. ಫೋರೆಂಡ್ ಅಲುಗಾಡುತ್ತಿದ್ದರೆ ಪ್ರತಿ ಗುಂಡಿನ ಹಿನ್ನೊದೆತಕ್ಕೂ ಕಬ್ಬಿಣವು ಮರವನ್ನು ಗುದ್ದುತ್ತದೆ. ಆಗ ತಿರುಪುಮೊಳೆಯನ್ನು ಬಲವಂತದಿಂದ ಬಿಗಿಯುವುದು ಪರಿಹಾರವಲ್ಲ. ಕೀಲೇ ಸವೆದಿರಬಹುದು, ಬಲ್ಲವರಿಗೆ ತೋರಿಸಬೇಕು. ಬಿಚ್ಚುವಾಗಲೂ ಕೂಡಿಸುವಾಗಲೂ ಮೊದಲು ತೋಟೆ ಇಲ್ಲವೆಂದು ನೋಡಿ, ಕೊಂಡಿಯನ್ನು ಸಂಪೂರ್ಣ ಸರಿಸಿ, ಮರವನ್ನು ತಿರುಚದೆ ನೇರವಾಗಿ ಎತ್ತಿರಿ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅನೇಕವು 65 ಮಿ.ಮೀ. ತೋಟೆಗಾಗಿ ರಚಿತವಾದವು. ಅವುಗಳಲ್ಲಿ 70 ಮಿ.ಮೀ. ತೋಟೆ ಹಾಕಿದರೆ ಒತ್ತಡ ಏರಿ ಮರಕ್ಕಷ್ಟೇ ಅಲ್ಲ, ಹಾರಿಸುವವನಿಗೂ ಅಪಾಯ.

ಕೂದಲೆಳೆಯಷ್ಟು ಬಿರುಕು ಕಂಡರೂ ಆ ಕೋವಿಯಿಂದ ಗುಂಡು ಹಾರಿಸಬೇಡಿ. ಆ ಹಂತದಲ್ಲಿ ಹಳೆಯ ಮರವನ್ನೇ ಉಳಿಸಲು ಸಾಧ್ಯ. ತುಂಡಾದ ಮೇಲೆ ಹೊಸ ಮರವೇ ಗತಿ. ಕೈಯಿಂದ ಕೆತ್ತಿದ ಆ ಚೌಕಳಿ ಗೆರೆಗಳು, ನಾಲ್ಕು ತಲೆಮಾರಿನ ಅಂಗೈಗಳು ಸವೆಸಿದ ಆ ನುಣುಪು ಹೊಸ ಮರಕ್ಕೆ ಬರಲಾರವು.

ಮುಂದಿನ ಕೈಲ್ ಮುಹೂರ್ತಕ್ಕೆ ಕೋವಿಯನ್ನು ಕೆಳಗಿಳಿಸಿದಾಗ, ಹೂ ಮುಡಿಸುವ ಮುನ್ನ ಆ ಮರದ ತುಂಡನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿರಿ. ನಿಮ್ಮ ಮಕ್ಕಳಿಗೂ ತೋರಿಸಿರಿ.